ನೋವು ನಿಂತ ಹಲ್ಲು



ಏಪ್ರಿಲ್ 14ರಂದು ವೇದಿಕೆ ಮೇಲೆ ಕೂತಿದ್ರೂ ಯಾಕೆ ಮಾತಾಡ್ಲಿಲ್ಲ ಅಂತ ಸುಮಾರು ಜನ ಕೇಳಿದ್ರಿ. ಯಾರ ಮೇಲೂ ಮುನಿಸಿಲ್ಲ. ಅವತ್ತು ಬಲಗಡೆ ದವಡೆ ಊದ್ಕೊಂಡು ಬಾಯಿಗೆ ಎರಡು ಬೆರಳು ಹೋಗೋವಷ್ಟೂ ಜಾಗ ಇರ್ಲಿಲ್ಲ. ನೀಲಿ ಶಾಲನ್ನ ಕೆನ್ನೆ ಮುಚ್ಚೋ ಹಂಗೆ ಹೊದ್ಕೊಂಡು ಕೂತಿದ್ದೆ. ಒಂದು ವಾರ ಕೂತು ಬರ್ಕೊಂಡಿದ್ದ ಭಾಷಣ ಜೇಬಲ್ಲೇ ಉಳೀತು.

ತಪ್ಪು ನಂದೇ. ಹೋದ ದೀಪಾವಳಿ ಹೊತ್ತಿಗೇ ಕೆಳಗಿನ ದವಡೆ ಹಲ್ಲು ತಣ್ಣೀರಿಗೆ ಜುಮ್ ಅಂತಿತ್ತು. ಆಮೇಲೆ ಬಿಸಿ ಟೀಗೂ ನೋವು ಶುರುವಾಯ್ತು. ಜನವರಿಲಿ ರಾತ್ರಿ ತಲೆ ದಿಂಬಿಗೆ ಇಟ್ರೆ ಸಾಕು, ಎದೆ ಬಡಿತ ಹಲ್ಲೊಳಗೇ ಕೇಳ್ಸೋ ಹಂಗೆ ಸಿಡಿತ. ಲವಂಗ ಕಚ್ಚಿದೆ, ಮೆಡಿಕಲ್ ಶಾಪಲ್ಲಿ ಕೊಟ್ಟ ಮಾತ್ರೆ ನುಂಗ್ದೆ. ಒಂದಿನ ನೋವು ತಾನಾಗೇ ನಿಂತೋಯ್ತು. ಬದುಕ್ದೆ ಅನ್ಕೊಂಡು ಮಾರ್ಚ್ ತಿಂಗಳ ಬಿಲ್ಲುಗಳಲ್ಲಿ ಮುಳುಗಿಹೋದೆ.

ಈ ಪೋಸ್ಟ್ ಬರೀತಿರೋದೇ ಆ 'ನೋವು ನಿಂತೋಯ್ತು' ಅನ್ನೋದಕ್ಕೆ. ಡಾಕ್ಟ್ರಮ್ಮ ಎಕ್ಸ್‌ರೇ ಹಿಡಿದು ತೋರಿಸಿದ್ರು. ಹಲ್ಲು ಕಲ್ಲಿನ ಚೂರಲ್ಲ, ಅದರ ಒಳಗೆ ಟೊಳ್ಳಿದೆ. ಅದರಲ್ಲಿ ನರ, ರಕ್ತನಾಳ ಎಲ್ಲಾ ಇರೋ ಮೆತ್ತನೆ ಭಾಗ, ಪಲ್ಪ್ ಅಂತಾರೆ. ನಾವು ಹುಳ ಅಂತೀವಲ್ಲ, ಹಲ್ಲಲ್ಲಿ ಹುಳ ಇರಲ್ಲ. ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಸಿಡ್ ಬಿಟ್ಟು ಹಲ್ಲನ್ನ ಕರಗಿಸ್ತಾ ಪಲ್ಪ್‌ವರೆಗೂ ಹೋಗ್ತವೆ. ಕೈಗೆ ಗಾಯ ಆದ್ರೆ ಊದೋಕೆ ಜಾಗ ಇರ್ತದೆ. ಹಲ್ಲೊಳಗೆ ಸುತ್ತಾ ಗಟ್ಟಿ ಗೋಡೆ, ಪಲ್ಪ್ ಊದೋಕೆ ಜಾಗವೇ ಇಲ್ಲ. ಆ ಒತ್ತಡವೇ ರಾತ್ರಿಯ ಸಿಡಿತ. ಕೊನೆಗೆ ಪಲ್ಪ್ ಸಾಯ್ತದೆ. ಸತ್ತ ಮೇಲೆ ಎಲ್ಲಿಯ ನೋವು? ಆದ್ರೆ ಬ್ಯಾಕ್ಟೀರಿಯಾ ಅಲ್ಲೇ ಇರ್ತವೆ, ಬೇರಿನ ತುದಿಯಿಂದ ದವಡೆ ಮೂಳೆಗೆ ಇಳಿದು ಕೀವು ಕಟ್ತವೆ. ನಾನು ಬದುಕ್ದೆ ಅನ್ಕೊಂಡ ಎರಡು ತಿಂಗಳೂ ಒಳಗೆ ಅದೇ ನಡೀತಿತ್ತು.

ಬರೀ ಆಂಟಿಬಯಾಟಿಕ್ ನುಂಗಿದ್ರೆ ಸಾಲ್ದಾ ಅಂದೆ. ಸತ್ತ ಹಲ್ಲೊಳಗೆ ರಕ್ತವೇ ಹರಿಯಲ್ಲ, ಔಷಧಿ ಯಾವ ದಾರೀಲಿ ಹೋಗ್ಬೇಕು ಅಂದ್ರು. ಕಟ್ಕೊಂಡ ಚರಂಡಿ ತೆಗೀದೆ ಮೇಲೆ ಬ್ಲೀಚಿಂಗ್ ಪೌಡರ್ ಚೆಲ್ಲಿದಂಗೆ ಅಂತ ನನಗೆ ಅರ್ಥ ಆಯ್ತು. ನನಗೆ ಊತ ಹರಡಿದ್ದರಿಂದ ಮೊದಲು ಕೀವು ತೆಗೆದು ಆಂಟಿಬಯಾಟಿಕ್ಕೂ ಕೊಟ್ರು. ಕೆಳದವಡೆಯ ಸೋಂಕು ನಾಲಿಗೆ ಕೆಳಗೆ, ಕುತ್ತಿಗೆಗೆ ಇಳಿದ್ರೆ ಉಸಿರೇ ಕಟ್ಟಬಹುದು. ಊತದ ಜೊತೆ ಜ್ವರ, ಬಾಯಿ ತೆರೆಯೋಕಾಗ್ದೇ ಇರೋದು, ಎಂಜಲು ನುಂಗೋಕೆ ಕಷ್ಟ ಇದ್ರೆ ಮೀಟಿಂಗ್ ಮುಗಿಲಿ ಅಂತ ಕಾಯಬೇಡಿ, ರಾತ್ರಿಯಾದ್ರೂ ದೊಡ್ಡಾಸ್ಪತ್ರೆಗೆ ಓಡಿ.

ಊತ ಇಳಿದ ಮೇಲೆ ರೂಟ್ ಕೆನಾಲ್. ಮರಗಟ್ಟಿಸೋ ಇಂಜೆಕ್ಷನ್ ಚುಚ್ಚಿದ್ದಷ್ಟೇ ನೋವು. ಹಲ್ಲಿನ ಮೇಲೆ ತೂತು ಮಾಡಿ, ಕೂದಲಷ್ಟು ಸಣ್ಣ ಅರಗಳಿಂದ ಬೇರಿನ ಕಾಲುವೆಗಳನ್ನ ಕೆರೆದು, ಔಷಧಿಲಿ ತೊಳೆದು, ಗಟ್ಟಾ ಪರ್ಚಾ ಅನ್ನೋ ಮರದ ಹಾಲಿನ ವಸ್ತು ತುಂಬಿ ಮುಚ್ತಾರೆ. ನನ್ನ ಹಲ್ಲಲ್ಲಿ ಮೂರು ಕಾಲುವೆ ಇದ್ವು, ಮೂರು ಸಲ ಹೋಗಿ ಬಂದೆ. ಹಿಂದಿನ ಹಲ್ಲು ಆಮೇಲೆ ಸೀಳದಂಗೆ ಕ್ಯಾಪ್ ಹಾಕಿಸ್ಬೇಕು.

ಈಗ ದುಡ್ಡಿನ ಮಾತು. ಕೀಳಿಸಿದ್ರೆ 300 ರೂಪಾಯಿ, ಉಳಿಸ್ಕೊಂಡ್ರೆ ಕ್ಯಾಪೂ ಸೇರಿ 7,500. ತಿಂಗಳ ಸಂಬಳ ಬರೋ ನಾನೇ ಎರಡು ದಿನ ಯೋಚ್ನೆ ಮಾಡ್ದೆ. ದಿನಗೂಲಿಯವರು ಏನ್ಮಾಡ್ತಾರೆ? 'ಕಿತ್ತಾಕಿಸ್ಬುಡು ಮಗಾ' ಅನ್ನೋದು ನಮ್ಮ ಕೇರಿಯ ವೈದ್ಯ. ನಲವತ್ತಕ್ಕೇ ಕೆನ್ನೆ ಒಳಗೋದ ಮುಖಗಳು ನಮ್ಮಲ್ಲಿ ಎಷ್ಟಿವೆ, ನಿಮ್ಮ ಮನೆ ಫೋಟೋಗಳನ್ನೇ ನೋಡಿ. ಸರ್ಕಾರ ದಂತಭಾಗ್ಯ ಅಂತ ಬಿಪಿಎಲ್ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ ಕೊಡ್ತು, ಒಳ್ಳೇದೇ. ಆದ್ರೆ ಎಲ್ಲಾ ಉದುರೋವರೆಗೂ ಬಡವ ಕಾಯ್ಬೇಕಾ? ಇದ್ದ ಹಲ್ಲು ಉಳಿಸೋ ಚಿಕಿತ್ಸೆ ಪ್ರತಿ ತಾಲೂಕು ಆಸ್ಪತ್ರೆಲೂ ಸಿಗಬೇಕು ಅನ್ನೋದು ನಮ್ಮ ಮನವಿ ಪತ್ರದಲ್ಲಿ ಇದುವರೆಗೂ ಒಂದು ಸಾಲೂ ಇಲ್ಲ. ಆ ಪತ್ರಗಳನ್ನ ಟೈಪ್ ಮಾಡೋನು ನಾನೇ. ಬೆಂಗಳೂರಿನ ಕಡೆಯವರು ವಿಕ್ಟೋರಿಯಾ ಆವರಣದ ಸರ್ಕಾರಿ ದಂತ ಕಾಲೇಜಿಗೆ ಹೋಗಿ, ಖಾಸಗಿಗಿಂತ ಕಡಿಮೆಲಿ ಆಗ್ತದೆ.

ಮನೆಗೆ ಬಂದಾಗ ಅವ್ವ ಕೇಳಿದ್ದು ದುಡ್ಡಲ್ಲ. 'ಆಯಮ್ಮ ಬಾಯೊಳಕ್ಕೆ ಕೈ ಹಾಕುದ್ಲಾ?' ಅಂದ್ಲು. ಹೂಂ ಅಂದೆ. ಅವ್ವನ ಕಾಲದಲ್ಲಿ ಊರಿನ ಡಾಕ್ಟ್ರು ಕೇರಿಯವರನ್ನ ಜಗಲಿ ಕೆಳಗೇ ನಿಲ್ಸಿ, ದೂರದಿಂದ್ಲೇ ಬಾಯಿ ನೋಡಿ ಮಾತ್ರೆ ಎಸೀತಿದ್ರಂತೆ. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಕಾಠಿಯಾವಾಡದ ದಲಿತ ಮೇಷ್ಟ್ರೊಬ್ಬರ ಪತ್ರ ಕೊಡ್ತಾರೆ, 1929ರಲ್ಲಿ 'ಯಂಗ್ ಇಂಡಿಯಾ'ದಲ್ಲಿ ಬಂದಿದ್ದು. ಬಾಣಂತಿ ಹೆಂಡತಿಗೆ ಡಾಕ್ಟರ್ ಥರ್ಮಾಮೀಟರನ್ನೂ ನೇರ ಕೊಡಲ್ಲ. ಒಬ್ಬ ಮುಸ್ಲಿಮನ ಕೈಗೆ, ಅವನಿಂದ ಗಂಡನ ಕೈಗೆ, ಗಂಡನಿಂದ ಅವಳಿಗೆ. ಆಯಮ್ಮ ಉಳೀಲಿಲ್ಲ. ಎಷ್ಟೋ ಸಲ ಭಾಷಣದಲ್ಲಿ ಹೇಳಿದ್ದ ಈ ಕತೆ ಆ ಕುರ್ಚೀಲಿ ಬಾಯಿ ತೆರೆದು ಮಲಗಿದ್ದಾಗ ಬೇರೆ ಥರ ನೆನಪಾಯ್ತು.

ಅವ್ವನಿಗೆ ಉಳಿದಿರೋದು ಏಳು ಹಲ್ಲು. ಅದರಲ್ಲೊಂದು ಹುಳುಕು. 'ಮ್ಯಾಲಿನ ಹಲ್ಲು ಮುಟ್ಟಿದ್ರೆ ಕಣ್ಣು ಹೋಯ್ತದೆ' ಅಂತ ಇಷ್ಟು ವರ್ಷ ಹಟ ಹಿಡಿದಿದ್ಲು. ಹಂಗೇನೂ ಆಗಲ್ಲ ಅಂತ ಡಾಕ್ಟ್ರಮ್ಮನೇ ಹೇಳಿದ್ರು ಅಂದ ಮೇಲೆ ಸ್ವಲ್ಪ ಮೆತ್ತಗಾಗಿದ್ದಾಳೆ. ಶನಿವಾರ ನನ್ನ ಕ್ಯಾಪ್ ಹಾಕ್ಸೋಕೆ ಹೋಗುವಾಗ ಜೊತೇಲಿ ಬರ್ತೀನಿ ಅಂದಿದ್ದಾಳೆ, ಒಳ್ಳೆ ಸೀರೆ ಈಗ್ಲೇ ತೆಗೆದಿಟ್ಕೊಂಡಿದ್ದಾಳೆ.