ಮೇಷ್ಟ್ರು ಕಲಿಯೋದು ಯಾವಾಗ?

ಊರಿನವರನ್ನು ಕೇಳಿ, ಮೇಷ್ಟ್ರು ಅಂದರೆ ಎಲ್ಲ ಕಲಿತು ಮುಗಿಸಿದವನು. ಸರ್ಕಾರವನ್ನು ಕೇಳಿ, ಮೇಷ್ಟ್ರು ಅಂದರೆ ಏನೂ ಬಾರದವನು, ಹಿಡಿದು ಕೂರಿಸಿ ಕಲಿಸಬೇಕಾದವನು. ಈ ಎರಡು ಮಾತಿನ ನಡುವೆ ಇಪ್ಪತ್ತೆರಡು ವರ್ಷದಿಂದ ಚಾಮರಾಜನಗರ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸೀಮೆಸುಣ್ಣ ಹಿಡಿದು ನಿಂತಿದ್ದೇನೆ. ಮೇಷ್ಟ್ರಿಗೆ ಕಲಿಕೆ ಬೇಕು, ಸಾಯುವ ತನಕ ಬೇಕು. ಅದರಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ಯಾವ ಹೊತ್ತಿನಲ್ಲಿ, ಯಾರಿಂದ, ಏನನ್ನು ಕಲಿಯಬೇಕು ಅಂತ ಇಷ್ಟು ವರ್ಷದಲ್ಲಿ ಯಾರೂ ನಮ್ಮನ್ನು ಕೇಳಲಿಲ್ಲ.

ಮೊದಲು ಹೊತ್ತಿನ ಮಾತು. ನಮ್ಮದು ಐದು ತರಗತಿ, ಇಬ್ಬರು ಮೇಷ್ಟ್ರ ಶಾಲೆ. ಬೆಳಿಗ್ಗೆ ಬಾಗಿಲು ತೆಗೆದರೆ ಹಾಲಿನ ಪುಡಿ ಲೆಕ್ಕ. ಆಮೇಲೆ ಅಕ್ಕಿ, ಬೇಳೆ, ಎಣ್ಣೆ, ಗ್ಯಾಸ್ ಲೆಕ್ಕ. ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣಿನವರೆಷ್ಟು ಅನ್ನುವ ಲೆಕ್ಕ. ಹಾಜರಿ ಪುಸ್ತಕದಲ್ಲಿ ಬರೆದದ್ದನ್ನೇ ಮೊಬೈಲಿನಲ್ಲಿ ಮತ್ತೆ ಬರೆಯಬೇಕು, ಸಿಗ್ನಲ್ ಸಿಗದಿದ್ದರೆ ನೀರಿನ ಟ್ಯಾಂಕಿನ ಹತ್ತಿರ ಹೋಗಿ ನಿಂತು ಬರೆಯಬೇಕು. ನಡುವೆ ಮತದಾರರ ಪಟ್ಟಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಮೇಷ್ಟ್ರುಗಳನ್ನು ಹಚ್ಚಬಾರದು ಅನ್ನುತ್ತದೆ. ಕಲಮು ಪುಸ್ತಕದಲ್ಲಿದೆ. ಮೊಟ್ಟೆ ನಮ್ಮ ಕೈಯಲ್ಲಿದೆ. ಮಕ್ಕಳ ಹೊಟ್ಟೆ ತುಂಬುವುದು ಬೇಡ ಅನ್ನುವ ಪಾಪಿ ನಾನಲ್ಲ. ಹಸಿದು ಶಾಲೆಗೆ ಹೋದವನಿಗೆ ಆ ಊಟದ ಬೆಲೆ ಗೊತ್ತು. ಆದರೆ ಲೆಕ್ಕ ಬರೆಯೋದಕ್ಕೆ ಒಬ್ಬ ಗುಮಾಸ್ತನನ್ನು ಕೊಡಿ ಅಂದರೆ ಯಾರಿಗೂ ಕೇಳಿಸೋದಿಲ್ಲ.

ಈ ಹೊತ್ತಿನೊಳಗೇ ನಾವು ಕಲಿಯಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕನೂ ವರ್ಷಕ್ಕೆ 50 ಗಂಟೆ ವೃತ್ತಿ ಕಲಿಕೆ ಮಾಡಬೇಕು ಅಂತ ಬರೆಯಿತು. ಬರೆದವರು ಆ 50 ಗಂಟೆಯನ್ನು ದಿನದ ಯಾವ ಮೂಲೆಯಿಂದ ತೆಗೆಯಬೇಕು ಅನ್ನೋದನ್ನು ಬರೆಯಲಿಲ್ಲ. ಅದೇ ವರ್ಷ ಕೊರೋನಾ ಕಾಲದಲ್ಲಿ 'ನಿಷ್ಠಾ' ತರಬೇತಿ 'ದೀಕ್ಷಾ' ಆ್ಯಪಿಗೆ ಬಂತು. ನಿಷ್ಠೆ, ದೀಕ್ಷೆ! ಹೆಸರು ನೋಡಿದರೆ ಮಠಕ್ಕೆ ಸೇರಿಸಿಕೊಳ್ಳುತ್ತಿದ್ದಾರೇನೋ ಅನ್ನಿಸುತ್ತದೆ. ನಮ್ಮ ಶಾಲೆಯ ಟೀಚರಮ್ಮ ರಾತ್ರಿ ಎಂಟಕ್ಕೆ ಮನೆ ಸೇರಿ, ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ, ವಿಡಿಯೋ ಓಡಲು ಬಿಟ್ಟು ಮುದ್ದೆ ತಿರುವುತ್ತಿದ್ದರು. "ಕೋರ್ಸ್ ಮುಗೀತಾ ಮೇಡಂ?" ಅಂದೆ ಒಂದು ದಿನ. "ಕೋರ್ಸ್ ಮುಗೀತು ಸಾ, ಮುದ್ದೆ ಗಂಟಾಯ್ತು" ಅಂದರು. ಸರ್ಟಿಫಿಕೇಟು ಬಂತು. ಅದನ್ನು ಮುದ್ರಿಸಿ ಫೈಲಿಗೆ ಹಾಕಿದೆವು. ಗಂಡು ಮೇಷ್ಟ್ರು ಶಾಲೆ ಬಿಟ್ಟ ಮೇಲೆ ಟೀ ಅಂಗಡಿಯಲ್ಲಾದರೂ ಕೂತು ಓದಬಹುದು. ಹೆಣ್ಣಿಗೆ ಆ ಟೀ ಅಂಗಡಿಯೂ ಇಲ್ಲ.

ಇನ್ನು ಯಾರಿಂದ ಕಲಿಯೋದು? 1986ರ ಶಿಕ್ಷಣ ನೀತಿಯಾದ ಮೇಲೆ ಜಿಲ್ಲೆಗಳಲ್ಲಿ ಡಯಟ್‌ಗಳು ಹುಟ್ಟಿದವು. 1994ರ ನಂತರ ಡಿಪಿಇಪಿ ಬಂತು, ಕ್ಲಸ್ಟರು ಬಂತು, ಸಮಾಲೋಚನಾ ಸಭೆ ಬಂತು. ಒಳ್ಳೆಯದೇ. ಒಂಟಿ ಶಾಲೆಯಲ್ಲಿ ಕೊಳೆಯುತ್ತಿದ್ದ ಮೇಷ್ಟ್ರು ಇನ್ನೊಬ್ಬ ಮೇಷ್ಟ್ರ ಮುಖ ನೋಡುವಂತಾಯಿತು. ಆದರೆ ತಿಳಿವಳಿಕೆ ಇಳಿದು ಬರುವ ದಾರಿ ಮಾತ್ರ ಹಳೆಯದೇ. ಮೇಲೆ ಕೂತವರು ಬರೆಯುತ್ತಾರೆ. ರಾಜ್ಯದವರು ಜಿಲ್ಲೆಯವರಿಗೆ ಹೇಳುತ್ತಾರೆ, ಜಿಲ್ಲೆಯವರು ತಾಲ್ಲೂಕಿನವರಿಗೆ, ತಾಲ್ಲೂಕಿನವರು ನಮಗೆ. ನಾವು ಕೊನೆಯ ಮೆಟ್ಟಿಲು. ಎತ್ತರದಿಂದ ಹುಯ್ದ ನೀರಿಗೆ ಬೊಗಸೆಯೊಡ್ಡಿ ಕುಡಿಯೋದು ನಮ್ಮ ಅಪ್ಪಂದಿರಿಗೆ ಚೆನ್ನಾಗಿ ಗೊತ್ತಿತ್ತು. ಕೆಳಗಿನವನ ಹತ್ತಿರವೂ ಒಂದು ಬಾವಿ ಇರಬಹುದು ಅನ್ನುವ ಯೋಚನೆ ಅಂದೂ ಇರಲಿಲ್ಲ, ಇಂದೂ ಇಲ್ಲ.

ಬಾವಿ ಇದೆ ಗೆಳೆಯರೆ. ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯನ್ನೇ ನೋಡಿ. ಕಾಡಂಚಿನ ತಾಲ್ಲೂಕು, ಜೇನುಕುರುಬರ ಹಾಡಿಗಳ ತಾಲ್ಲೂಕು. 1995ರ ಸುಮಾರಿಗೆ ಅಲ್ಲಿನ ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಸುತ್ತಮುತ್ತಲ ಹಳ್ಳಿಶಾಲೆಗಳನ್ನು ಕಣ್ಣಾರೆ ನೋಡಿದರು. ಬಂದು ತಾವೇ ಕೂತು ಕಾರ್ಡು ಬರೆದರು, ಹಾಡು ಕಟ್ಟಿದರು, ಮಗು ತನ್ನ ಹೆಜ್ಜೆಯಲ್ಲಿ ಮುಂದೆ ಹೋಗುವ ಏಣಿ ಮಾಡಿದರು. ಅದೇ ನಲಿ-ಕಲಿ. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ನಮ್ಮಲ್ಲಿಗೆ ಬರುವಾಗ ಕಾರ್ಡು ಅಚ್ಚಾಗಿ ಬಂತು, ಜೊತೆಗೆ ಆದೇಶವೂ ಬಂತು. ಅದನ್ನು ಬರೆದ ಕೈಗಳು ಕಲಿತದ್ದು ಬರೆಯುವಾಗ. ನಮಗೆ ಸಿಕ್ಕಿದ್ದು ಬರೆದು ಮುಗಿಸಿದ ಕಾರ್ಡು. ಮೇಷ್ಟ್ರಿಗೆ ನೋಡೋದಕ್ಕೆ, ಯೋಚಿಸೋದಕ್ಕೆ, ಸೇರಿ ಕೆಲಸ ಮಾಡೋದಕ್ಕೆ ಹೊತ್ತು ಕೊಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಕೋಟೆ ತಾಲ್ಲೂಕು ಸಾಕ್ಷಿ.

ಮೂರನೆಯದು, ಏನನ್ನು ಕಲಿಯೋದು. ಇಲ್ಲಿ ಒಂದು ಮಗುವಿನ ವಿಷಯ ಹೇಳಬೇಕು.

ನಮ್ಮ ಕಡೆ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹುಡುಗ ಉಡುಗನಾಗುತ್ತಾನೆ. ಕೇರಿಯಲ್ಲೂ ಹಾಗೇ, ಒಕ್ಕಲಗೇರಿಯಲ್ಲೂ ಹಾಗೇ. ಎರಡನೇ ತರಗತಿಯ ಒಂದು ಹೆಣ್ಣುಮಗು, ನಮ್ಮ ಕೇರಿಯದೇ, 'ಹಕ್ಕಿ ಹಾರಿತು' ಅನ್ನೋದನ್ನು "ಅಕ್ಕಿ ಆರ್ತು" ಅಂತ ಓದಿತು. ಅಕ್ಕಿ ಆರ್ತಂತೆ, ಅನ್ನ ಬೇಯ್ತಂತೆ ಅಂತ ಕ್ಲಾಸೇ ನಕ್ಕಿತು. ನಕ್ಕವರೂ ಮನೆಯಲ್ಲಿ ಆಲು ಕುಡಿಯುವವರೇ. ಆದರೆ ಜಮೀನಿನವರ ಮಗ ತಪ್ಪಿದರೆ ತಾನೂ ನಕ್ಕು ಮರೆಯುತ್ತಾನೆ, ಕೇರಿಯ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಆ ಮಗು ತಿಂಗಳುಗಟ್ಟಲೆ ಓದಲಿಲ್ಲ. ಕರೆದರೆ ಎದ್ದು ನಿಲ್ಲುತ್ತಿತ್ತು, ಅಷ್ಟೇ.

ಅದನ್ನು ಬೈಯಬಾರದು ಅಂತ ನನಗೆ ಗೊತ್ತಿತ್ತು, ಇದೇ ಆಲಿಗೆ ಚಿಕ್ಕಂದಿನಲ್ಲಿ ಬೆತ್ತದ ರುಚಿ ಕಂಡವನು ನಾನು. ಆದರೆ ತಿದ್ದಬೇಕೋ, ಬಿಡಬೇಕೋ, ತಿದ್ದಿದರೆ ಹೇಗೆ? ಇದು ನನ್ನ ವೃತ್ತಿಯ ಪ್ರಶ್ನೆ. ಒಂದು ತರಬೇತಿಯಲ್ಲಿ ಎದ್ದು ಕೇಳಿದೆ. ಸಂಪನ್ಮೂಲ ವ್ಯಕ್ತಿ "ಅದು ಉಚ್ಚಾರಣಾ ದೋಷ, ಡ್ರಿಲ್ ಮಾಡಿಸ್ರೀ" ಅಂತ ಮುಂದಿನ ಪುಟ ತಿರುವಿದರು. ಊಟದ ಹೊತ್ತಾಗಿತ್ತು.

ಉತ್ತರ ಸಿಕ್ಕಿದ್ದು ಬೇರೆ ಕಡೆ. ಕಾಲೇಜಿನಲ್ಲಿ ಹಳಗನ್ನಡ ಪಾಠ ಮಾಡುವ ಗೆಳೆಯನೊಬ್ಬ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದ: "ಪಂಪನ ಕಾಲದಲ್ಲಿ ಹಾಲು ಎಲ್ಲಿತ್ತಯ್ಯ? ಪಾಲ್ ಅಂತಿದ್ರು. ಹುಲಿ ಪುಲಿ, ಹಕ್ಕಿ ಪಕ್ಕಿ. ಆಮೇಲೆ ಪಕಾರ ಹೋಗಿ ಹಕಾರ ಬಂತು. ನಿಮ್ಮ ಕಡೆ ಆ ಹಕಾರಾನೂ ಹೋಯ್ತು." ಅಷ್ಟೇ ಮಾತು. ನಾನು ಬಸ್ಸು ಬಿಟ್ಟು ಕೂತೆ. ಪಕಾರ ಬಿಟ್ಟವರಿಗೆ ನಡುಗನ್ನಡದ ಕವಿಗಳೆಂಬ ಹೆಸರು, ಹಕಾರ ಬಿಟ್ಟ ನಮ್ಮ ಮಗುವಿಗೆ ದೋಷವೆಂಬ ಹೆಸರು! ಆಮೇಲೆ ಡಿ.ಎನ್. ಶಂಕರ ಭಟ್ಟರ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಹುಡುಕಿ ಓದಿದೆ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಹುಯ್ದ ಕಥೆ ಅಲ್ಲಿ ಗೊತ್ತಾಯಿತು.

ಮರುವಾರ ಬೋರ್ಡಿನ ಮೇಲೆ ಮೂರು ಸಾಲು ಎಳೆದೆ. ಹಳೆಯ ಮಾತು, ಪುಸ್ತಕದ ಮಾತು, ಮನೆಯ ಮಾತು. ಪಾಲ್, ಹಾಲು, ಆಲು. ಮೂರೂ ಕನ್ನಡವೇ, ಪುಸ್ತಕ ಓದುವಾಗ ನಡುವಿನದು ಬೇಕು, ಅಷ್ಟೇ ಅಂದೆ. ಮಕ್ಕಳು ಪದ ತರೋದಕ್ಕೆ ಶುರು ಮಾಡಿದರು. ಆ ಮಗು ಮೊದಲ ದಿನ ಏನೂ ಹೇಳಲಿಲ್ಲ. ನಾಲ್ಕನೇ ದಿನ ಅಜ್ಜಿಯ ಬಾಯಿಂದ ಹನ್ನೆರಡು ಪದ ಹೊತ್ತು ತಂದಿತು. ಈಗ ಹಕಾರ ಸರಿಯಾಗಿ ಓದುತ್ತದೆ, ಮನೆಯಲ್ಲಿ ಆಲೇ ಕುಡಿಯುತ್ತದೆ. ಪುಸ್ತಕದ ಕನ್ನಡ ನಮ್ಮ ಮಕ್ಕಳಿಗೆ ಬೇಕೇ ಬೇಕು, ಅದನ್ನು ಕೊಡದೆ ಕೇರಿಯ ಮಾತೇ ಚೆಂದ ಅಂತ ಹೊಗಳಿ ಕೂರಿಸುವುದೂ ಒಂದು ಮೋಸ. ಆದರೆ ಅದಕ್ಕಾಗಿ ಅವ್ವನ ಬಾಯನ್ನು ಹೊಲಸು ಅನ್ನಬೇಕಾಗಿಲ್ಲ.

ಇದೇನು ಹೊಸ ಮಾತಲ್ಲ. 1882ರಲ್ಲಿ ಜೋತಿಬಾ ಫುಲೆ ಹಂಟರ್ ಆಯೋಗದ ಮುಂದೆ ಹೇಳಿಕೆ ಕೊಟ್ಟರು. ಪ್ರಾಥಮಿಕ ಶಾಲೆಯ ಮೇಷ್ಟ್ರು ತರಬೇತಿ ಪಡೆದಿರಬೇಕು, ಸಾಧ್ಯವಾದಷ್ಟೂ ಒಕ್ಕಲು ಮಕ್ಕಳೇ ಆಗಿರಬೇಕು, ನೇಗಿಲ ಮೇಣಿ ಹಿಡಿಯೋದಕ್ಕೆ ನಾಚದವರು, ಕೆಳಗಿನ ಜನರೊಡನೆ ಬೆರೆಯುವವರು ಆಗಿರಬೇಕು, ಅವರಿಗೆ ಒಳ್ಳೆಯ ಸಂಬಳ ಇರಬೇಕು, ಬೇಸಾಯ ಮತ್ತು ನೈರ್ಮಲ್ಯ ಅವರ ತರಬೇತಿಯ ಪಾಠವಾಗಬೇಕು ಅಂತ ಕೇಳಿದರು. ಅವರ ಹೆಂಡತಿ ಸಾವಿತ್ರಿಬಾಯಿ ಗಂಡನಿಂದ ಅಕ್ಷರ ಕಲಿತು, ತರಬೇತಿಯನ್ನೂ ಪಡೆದ ಶಿಕ್ಷಕಿ. ಆ ಹೇಳಿಕೆಯಾಗಿ ನೂರ ನಲವತ್ತು ವರ್ಷ ದಾಟಿದೆ. ನಾನು ಕೂತ ತರಬೇತಿಗಳಲ್ಲಿ ಜಾತಿ ಅನ್ನುವ ಪದ ಒಂದು ಸಲವೂ ಬರಲಿಲ್ಲ. 'ಅವಕಾಶವಂಚಿತ', 'ಹಿಂದುಳಿದ ಕಲಿಕಾರ್ಥಿ' ಅಂತ ಸುತ್ತಿ ಬಳಸಿ ಹೋಗುತ್ತಾರೆ.

ಜಾತಿಯ ಬಾಗಿಲಿಗೆ ನಮ್ಮನ್ನು ಕಳಿಸಿದ್ದು ಸಮೀಕ್ಷೆ. 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮೇಷ್ಟ್ರುಗಳು ಮನೆಮನೆ ಅಲೆದೆವು. ಆ್ಯಪು ಕೈ ಕೊಟ್ಟಿತು, ಕಾಲು ಸೋತಿತು. ಆದರೂ ಆ ಲೆಕ್ಕ ನಮಗೇ ಬೇಕಾದ ಲೆಕ್ಕ, ಅದನ್ನು ನಾನು ಬಿಟ್ಟಿ ಚಾಕರಿ ಅನ್ನಲಾರೆ. 60 ಪ್ರಶ್ನೆ ಮುಗಿಸಿ ಒಂದು ಲೋಟ ನೀರು ಕುಡಿಯುವಾಗ ಕಂಡದ್ದೇ ಬೇರೆ. ಮಗು ಬರೆಯೋದಕ್ಕೆ ಕೂರುವ ಜಾಗ ಯಾವುದು, ದೀಪ ಎಲ್ಲಿದೆ, ಅಪ್ಪ ಯಾವ ಊರಿನ ಗಾರೆ ಕೆಲಸಕ್ಕೆ ಹೋಗಿದ್ದಾನೆ. ಕೆಲವು ಬೀದಿಗಳಲ್ಲಿ ನೀರು ಕೊಟ್ಟ ಲೋಟವೂ ಒಂದು ಪಾಠ ಹೇಳಿತು. ಸಮೀಕ್ಷೆ ಮುಗಿದ ಮೇಲೆ ನೀವು ಏನು ಕಂಡಿರಿ, ಅದರಿಂದ ನಿಮ್ಮ ಪಾಠ ಹೇಗೆ ಬದಲಾಗಬೇಕು ಅಂತ ಯಾರಾದರೂ ಒಂದು ದಿನ ಕೂರಿಸಿ ಕೇಳಿದರೇ? ಇಲ್ಲ. ಅಂಕಿ ಮೇಲೆ ಹೋಯಿತು. ಕಂಡದ್ದು ನಮ್ಮಲ್ಲೇ ಉಳಿಯಿತು.

ಅದು ಉಳಿದು ಕೊಳೆಯಬಾರದು ಅಂತ ನಾವು ಐದು ಶಾಲೆಯ ಏಳು ಜನ ತಿಂಗಳಿಗೊಂದು ಭಾನುವಾರ ಸೇರುತ್ತಿದ್ದೇವೆ. ಅದರಲ್ಲಿ ಮೂವರು ಹೆಂಗಸರು. ಅವರು ಮಕ್ಕಳನ್ನೂ ಕರೆದುಕೊಂಡು ಬರುತ್ತಾರೆ, ಅಡಿಗೆ ಸರದಿ ಗಂಡಸರದು. ಒಬ್ಬರು ತಮ್ಮ ಕ್ಲಾಸಿನ ಒಂದು ಮಗುವಿನ ಬಗ್ಗೆ ಒಂದು ಪುಟ ಬರೆದು ತರಬೇಕು, ಇನ್ನೊಬ್ಬರು ಓದಿದ ಪುಸ್ತಕದ ಒಂದು ಅಧ್ಯಾಯ ಹೇಳಬೇಕು. ಸಹಿ ಇಲ್ಲ, ಫೋಟೋ ಇಲ್ಲ, ಸರ್ಟಿಫಿಕೇಟು ಇಲ್ಲ. ದಲಿತ ಚಳವಳಿಯ ಅಧ್ಯಯನ ಶಿಬಿರಗಳಲ್ಲಿ ಚಾಪೆಯ ಮೇಲೆ ಕೂತು ಅಂಬೇಡ್ಕರರನ್ನು ಓದಿದವರಿಗೆ ಈ ಕ್ರಮ ಹೊಸದೇನಲ್ಲ.

ಆದರೆ ಭಾನುವಾರ ನಮ್ಮ ಸ್ವಂತದ್ದು. ಅದನ್ನು ಕೊಟ್ಟು ಸುಮ್ಮನಾದರೆ ಸರ್ಕಾರಕ್ಕೆ ಅನುಕೂಲ. ಆದ್ದರಿಂದ ಸಂಘಗಳಿಗೆ ಒಂದು ಮಾತು. ಸಂಬಳ, ವರ್ಗಾವಣೆ, ಪಿಂಚಣಿ ಇವುಗಳ ಜೊತೆಗೆ ಕಲಿಯುವ ಹೊತ್ತನ್ನೂ ಬೇಡಿಕೆ ಪಟ್ಟಿಗೆ ಸೇರಿಸಿ. ವಾರಕ್ಕೆ ಎರಡು ಗಂಟೆ, ಕೆಲಸದ ವೇಳೆಯೊಳಗೇ. ಲೆಕ್ಕಕ್ಕೆ ಬೇರೆ ಕೈ. ಕ್ಲಸ್ಟರ್ ಸಭೆಯ ವಿಷಯ ಆರಿಸುವ ಹಕ್ಕು ಮೇಷ್ಟ್ರಿಗೆ. ತರಬೇತಿಯಲ್ಲಿ ಜಾತಿಯನ್ನು ಜಾತಿ ಅಂತಲೇ ಕರೆಯುವ ಒಂದು ಪಾಠ.

ಓದುವ ಮೇಷ್ಟ್ರುಗಳೇ, ನಿಮ್ಮ ಕ್ಲಾಸಿನಲ್ಲಿ ಎದ್ದು ನಿಂತು ಬಾಯಿ ಬಿಡದ ಮಗು ಯಾವುದು? ಮುಂದಿನ ಭಾನುವಾರದೊಳಗೆ ಅದರ ಬಗ್ಗೆ ಒಂದು ಪುಟ ಬರೆಯಿರಿ. ಪಕ್ಕದ ಶಾಲೆಯವರನ್ನು ಕರೆದು ಓದಿ ಹೇಳಿ.