ಶ್ರೀಶೈಲದ ದಾರಿಯ ಗಂಟು

ದಾರಿಯ ಬುತ್ತಿಗೆ ಸಂಸ್ಕೃತದಲ್ಲಿ ಪಾಥೇಯವೆಂದು ಹೆಸರು. ಪಥದಲ್ಲಿ ಹಿತವಾಗತಕ್ಕದ್ದು ಯಾವುದೋ ಅದೇ ಪಾಥೇಯವೆಂದು ವೈಯಾಕರಣರು ಅರ್ಥವನ್ನು ಬಿಡಿಸುತ್ತಾರೆ. ಈ ಶಬ್ದದ ವ್ಯುತ್ಪತ್ತಿಯನ್ನು ನಾನು ಮೂವತ್ತು ವರ್ಷಗಳ ವರೆಗೆ ಶಾಲೆಯ ಹುಡುಗರಿಗೆ ಹೇಳಿಕೊಟ್ಟಿದ್ದೇನೆ. ಆದರೆ ದಾರಿಗೆ ಯಾವುದು ಹಿತವು, ಯಾವುದು ಹೊರೆಯು ಎಂಬದು ನನಗೆ ಗೊತ್ತಾದದ್ದು ಅರುವತ್ತು ತುಂಬಿದ ಮೇಲೆ, ನಲ್ಲಮಲೆಯ ಅಡವಿಯಲ್ಲಿ, ಹಳೆಯ ಶಿಷ್ಯನೊಬ್ಬನು ನನ್ನ ಕಣ್ಣೆದುರಿಗೆ ಕುಸಿದು ಕುಳಿತಾಗ. ಆ ಸಂಗತಿಯನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು. ಯಾರ ಮನೆಯಿಂದಾದರೂ ಕಾಲ್ನಡಿಗೆಯ ಯಾತ್ರೆಗೆ ಹೊರಡುವವರಿದ್ದರೆ, ಗಂಟು ಕಟ್ಟುವದಕ್ಕೆ ಮುಂಚೆ ಇದನ್ನೊಮ್ಮೆ ಓದಿಕೊಳ್ಳಲಿ.

ನಮ್ಮ ಬಾಳೆಹೊಸೂರವು ಲಕ್ಷ್ಮೇಶ್ವರ ತಾಲೂಕಿನ ಒಂದು ಹಳ್ಳಿ. ದಿಂಗಾಲೇಶ್ವರ ಮಠದ ದೆಸೆಯಿಂದ ಸುತ್ತಲಿನ ಸೀಮೆಗೆ ಪರಿಚಿತವಾದದ್ದು. ಸುಗ್ಗಿ ತೀರಿ, ಕಣಗಳು ಬರಿದಾಗಿ, ಬಿಸಿಲು ಏರತೊಡಗಿತೆಂದರೆ ಈ ಭಾಗದ ಜನರಿಗೆ ಶ್ರೀಶೈಲದ ನೆನಪಾಗುತ್ತದೆ. ಗದಗ, ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಜಿಲ್ಲೆಗಳಿಂದ ಸಾವಿರ ಸಾವಿರ ಜನರು ಯುಗಾದಿಯೊಳಗೆ ಮಲ್ಲಯ್ಯನ ಸನ್ನಿಧಿಯನ್ನು ಮುಟ್ಟಬೇಕೆಂದು ಕಾಲ್ನಡಿಗೆಯಿಂದ ಹೊರಡುತ್ತಾರೆ. ಹೆಗಲ ಮೇಲೆ ಕಂಬಿ ಹೊತ್ತವರೂ ಉಂಟು. ಮರಗಾಲು ಕಟ್ಟಿಕೊಂಡು ನಡೆಯುವವರೂ ಉಂಟು. ಕನ್ನಡಿಗರ ಪಾಲಿಗೆ ಭ್ರಮರಾಂಬೆಯು ಮನೆಯ ಮಗಳು, ಮಲ್ಲಯ್ಯನು ಅಳಿಯ. ಆದ ಕಾರಣ ತವರಿನ ಸೀರೆ, ಕುಪ್ಪಸದ ಕಣ, ಅರಿಷಿಣ ಕುಂಕುಮ ಇವು ಯುಗಾದಿಗೆ ತಪ್ಪದೆ ಅವಳಿಗೆ ಮುಟ್ಟತಕ್ಕವು.

ನಿವೃತ್ತನಾದ ಮೇಲೆ ೨೦೨೪ರಲ್ಲಿ ನಾನೂ ಹೊರಡಲು ನಿಶ್ಚಯಿಸಿದೆನು. ಆ ವರ್ಷದ ಯುಗಾದಿಯು ಏಪ್ರಿಲ್ ೯ಕ್ಕೆ ಬಿದ್ದಿತ್ತು. ಅಂದರೆ ನಮ್ಮ ನಡಿಗೆಯೆಲ್ಲ ಕಡುಬೇಸಿಗೆಯಲ್ಲಿಯೇ. ಮಗನು ಕಾಲೇಜಿಗೆ ಒಯ್ಯುತ್ತಿದ್ದ ಬೆನ್ನುಚೀಲವನ್ನು ಕೇಳಿ ಪಡೆದೆನು. ಅದರಲ್ಲಿ ಮೂರು ಧೋತರ, ನಾಲ್ಕು ಅಂಗಿ, ಒಂದು ಕುರಿಯ ಕಂಬಳಿ, ಹಿತ್ತಾಳೆಯ ತಂಬಿಗೆ, ಪೂಜೆಯ ಸಾಮಗ್ರಿ, ಎರಡು ದಪ್ಪ ಗ್ರಂಥಗಳು, ಗಾಜಿನ ಭರಣಿಯಲ್ಲಿ ಉಪ್ಪಿನಕಾಯಿ, ಇವುಗಳ ಮೇಲೆ ಎಂಟು ದಿನಕ್ಕಾಗುವಷ್ಟು ರೊಟ್ಟಿ. ಓಣಿಯ ಹೆಣ್ಣುಮಕ್ಕಳು ಭ್ರಮರಾಂಬೆಗೆಂದು ಕೊಟ್ಟ ಎರಡು ಸೀರೆ, ಏಳು ಕುಪ್ಪಸದ ಕಣ ಬೇರೆ. ನೀರಿಗೆ ಮಾತ್ರ ಒಂದೇ ಒಂದು ಲೀಟರಿನ ಬಾಟಲಿ. ಹೊರಡುವ ವಾರದಲ್ಲಿಯೇ ಲಕ್ಷ್ಮೇಶ್ವರದ ಪೇಟೆಯಿಂದ ಹೊಸ ಬೂಟುಗಳನ್ನೂ ಕೊಂಡುತಂದೆನು. ಮನೆಯವರು ಚೀಲವನ್ನು ಒಮ್ಮೆ ಎತ್ತಿ ನೋಡಿ, “ಅಲ್ರೀ, ಇಷ್ಟೆಲ್ಲಾ ಹೊರೋರು ಯಾರು?” ಎಂದು ಕೇಳಿದರು. “ನಾನೇ ಹೊರತೇನಿ” ಎಂದು ಉತ್ತರ ಕೊಟ್ಟೆನು.

ದಾರಿಯು ನಾನೂರು ಕಿಲೋಮೀಟರಿಗೆ ಮೀರಿದ್ದು. ಮುಂಡರಗಿ, ಕೊಪ್ಪಳ, ಬಳ್ಳಾರಿ, ಆದೋನಿ, ಎಮ್ಮಿಗನೂರು, ಕರ್ನೂಲು ಇವುಗಳನ್ನು ಹಾಯ್ದು ಆತ್ಮಕೂರಿನ ವರೆಗೆ ಊರಿಂದೂರಿಗೆ ಸಡಕು ಇದೆ. ಅಲ್ಲಲ್ಲಿ ಭಕ್ತರು ಚಪ್ಪರ ಹಾಕಿ ಮಜ್ಜಿಗೆ, ಅಂಬಲಿ, ಊಟ ನೀಡುತ್ತಾರೆ. ನಮ್ಮ ತಂಡದ ಗಂಟುಗಳನ್ನು ಹೊರಲು ಜೊತೆಗೊಂದು ಟ್ರ್ಯಾಕ್ಟರ್ ಇದ್ದಿತು. ಹೀಗಾಗಿ ನನ್ನ ಅವಿವೇಕವು ಅಲ್ಲಿಯ ವರೆಗೆ ಬಯಲಿಗೆ ಬರಲಿಲ್ಲ. ಹೊಸ ಬೂಟು ಕಚ್ಚಿ ಹಿಮ್ಮಡಿಯಲ್ಲಿ ಗುಳ್ಳೆಗಳೆದ್ದವು, ಅಷ್ಟೆ. ಆದರೆ ಆತ್ಮಕೂರನ್ನು ದಾಟಿ ವೆಂಕಟಾಪುರದ ಹತ್ತಿರ ಕಾಡು ಸುರುವಾಗುತ್ತದೆ. ಗಾಡಿಯು ಅಲ್ಲಿಂದ ದೋರ್ನಾಲದ ಮೇಲೆ ಹಾಯ್ದು ಸುತ್ತುದಾರಿಯಿಂದ ಶ್ರೀಶೈಲಕ್ಕೆ ಹೋಗುತ್ತದೆ. ನಡೆಯುವವರು ಅವರವರ ಗಂಟನ್ನು ಅವರವರೇ ಹೊರಬೇಕು. ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ, ಕೈಲಾಸದ್ವಾರ ಹೀಗೆ ಎರಡು ದಿನದ ಅಡವಿಯ ದಾರಿ. ಈ ಅರಣ್ಯವು ೧೯೮೩ರಿಂದ ಹುಲಿಗಳ ರಕ್ಷಿತ ವನವಾಗಿದೆ. ಹಬ್ಬಗಳ ಕಾಲಕ್ಕೆ ಗೊತ್ತುಮಾಡಿದ ದಿನಗಳಲ್ಲಿ ಮಾತ್ರ ಯಾತ್ರಿಕರನ್ನು ಒಳಗೆ ಬಿಡುತ್ತಾರೆ. ಆ ದಿನಗಳಲ್ಲಿ ನೀರಿನ ಏರ್ಪಾಡು ಅಲ್ಲಲ್ಲಿ ಇರುತ್ತದೆಂಬದು ನಿಜವೇ; ಆದರೆ ನಡುಹಗಲಿನಲ್ಲಿ ಒಂದು ಠಾವಿನಿಂದ ಇನ್ನೊಂದು ಠಾವು ಬಹಳ ದೂರವೆನಿಸುತ್ತದೆ.

ಎರಡನೆಯ ದಿನ ಪೆಚ್ಚೆರುವನ್ನು ಬಿಡುವಾಗಲೇ ನಮಗೆ ಹೊತ್ತಾಯಿತು. ತಂಡದವರು ಮುಂದೆ ಹೋಗಿದ್ದರು. ಕುಂಟುತ್ತಿದ್ದ ನನ್ನ ಜೊತೆಗೆ ಉಳಿದವನು ಒಬ್ಬನೇ: ನನ್ನ ಕೈಕೆಳಗೆ ಕಲಿತು ಈಗ ಊರಿನಲ್ಲಿ ಒಕ್ಕಲುತನ ಮಾಡಿಕೊಂಡಿರುವ ಶಿಷ್ಯನು. ಅವನು, “ಮಾಸ್ತರ, ಗಂಟು ಇಲ್ಲಿ ಕೊಡ್ರಿ” ಎಂದು ನನ್ನ ಚೀಲವನ್ನು ತೆಗೆದುಕೊಂಡು ತನ್ನ ಗಂಟಿನ ಮೇಲೆ ಹೇರಿಕೊಂಡನು. ನಾನು ಬೇಡವೆನ್ನಲಿಲ್ಲ. ನನ್ನ ಬಾಟಲಿಯು ಒಂದು ತಾಸಿನೊಳಗೆ ಬರಿದಾಯಿತು. ತರುವಾಯ ಅವನ ನೀರನ್ನೂ ನಾನೇ ಕುಡಿದೆನು. ಅವನು ತಾನು ಕುಡಿದನೋ ಇಲ್ಲವೋ ಎಂಬ ವಿಚಾರವೇ ನನ್ನ ಮನಸ್ಸಿಗೆ ಬರಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಅವನ ಹೆಜ್ಜೆಗಳು ತೂರಾಡಹತ್ತಿದವು. ಒಂದು ಎಲೆಯುದುರಿದ ಮರದ ಬುಡಕ್ಕೆ ಕುಸಿದು ಕುಳಿತು ಅವನು ವಾಂತಿ ಮಾಡಿಕೊಂಡನು. ಮೀನಖಂಡಗಳು ಸೆಟೆದು ಕಾಲು ಚಾಚಲಾರದಾದನು. ನನ್ನಲ್ಲಿ ಅವನಿಗೆ ಕೊಡಲು ಒಂದು ಗುಟುಕು ನೀರು ಇರಲಿಲ್ಲ. ಹಿತ್ತಾಳೆಯ ತಂಬಿಗೆ ಇದ್ದಿತು, ಗ್ರಂಥಗಳು ಇದ್ದವು.

ದೇವರ ದಯದಿಂದ ಹಿಂದಿನಿಂದ ವಿಜಯಪುರದ ಕಡೆಯ ಒಂದು ತಂಡವು ಬಂದಿತು. ಅದರಲ್ಲಿದ್ದ ನಡುವಯಸ್ಸಿನ ತಾಯಿಯೊಬ್ಬಳು ಒಂದು ಮಾತನ್ನೂ ಆಡದೆ ತನ್ನ ಗಂಟನ್ನು ಬಿಚ್ಚಿದಳು. ಹೊದಿಕೆಯನ್ನು ಟೊಂಗೆಗೆ ಕಟ್ಟಿ ನೆರಳು ಮಾಡಿಸಿದಳು. ಅವನ ಅಂಗಿಯ ಗುಂಡಿಗಳನ್ನು ಬಿಚ್ಚಿಸಿ, ಹಸಿಬಟ್ಟೆಯಿಂದ ಎದೆ ಕುತ್ತಿಗೆಗಳನ್ನು ಒರೆಸಿಸಿದಳು. ಓಆರ್‌ಎಸ್ ಪುಡಿಯ ಪೊಟ್ಟಣವನ್ನು ಲೀಟರು ನೀರಿನಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿದಳು. ಅವಳ ಗಂಟು ನನ್ನದರ ಮೂರನೆಯ ಒಂದು ಪಾಲಷ್ಟೂ ಇರಲಿಲ್ಲ. ಆಮೇಲೆ ಅವನ ಪಕ್ಕದಲ್ಲಿದ್ದ ಎರಡು ಹೊರೆಗಳನ್ನು ನೋಡಿ, “ಅಜ್ಜಾರ, ಇದರಾಗ ಇವನ ಗಂಟು ಯಾವುದ್ರಿ, ನಿಮ್ಮದು ಯಾವುದ್ರಿ?” ಎಂದು ಕೇಳಿದಳು. ನಾಲ್ಕು ಶಾಸ್ತ್ರವಾಕ್ಯಗಳನ್ನು ಬಲ್ಲ ನನ್ನ ಬಾಯಿಗೆ ಆಗ ಉತ್ತರವೇ ಬರಲಿಲ್ಲ.

ಎರಡು ತಾಸಿಗೆ ಅವನು ಎದ್ದು ನಡೆಯುವಂತಾದನು. ಅಲ್ಲಿಂದ ಮುಂದೆ ನನ್ನ ಚೀಲವು ನನ್ನ ಹೆಗಲಿಗೆ ಬಂದಿತು. ಭೀಮನಕೊಳ್ಳದಿಂದ ಕೈಲಾಸದ್ವಾರಕ್ಕೆ ಏರುವ ಮೆಟ್ಟಿಲುಗಳನ್ನು ಹತ್ತು ಹತ್ತಕ್ಕೆ ಕುಳಿತು ಏರಿದೆನು. ಊರಿಗೆ ಬಂದ ಮೇಲೆ ಶಿಷ್ಯನು ಈ ಸಂಗತಿಯನ್ನು ಯಾರ ಮುಂದೆಯೂ ಎತ್ತಲಿಲ್ಲ. “ಮಾಸ್ತರು ಚಲೋ ನಡೆದರು” ಎಂದನು. ಆದರೆ ಮನೆಯವರ ಮುಂದೆ ನಾನೇ ನಡೆದದ್ದನ್ನೆಲ್ಲ ಹೇಳಿದೆನು. ಅವರು ಕಾಳು ತೂಗುವ ತಕ್ಕಡಿಯನ್ನು ತರಿಸಿ, ಒಯ್ದ ವಸ್ತುಗಳನ್ನೆಲ್ಲ ಮತ್ತೆ ಚೀಲದಲ್ಲಿ ತುಂಬಿ ತೂಗಿದರು: ೧೪ ಕಿಲೋ. ನನ್ನ ಮೈತೂಕವು ೫೮.

೨೦೨೫ರಲ್ಲಿ ಯುಗಾದಿಯು ಮಾರ್ಚ್ ೩೦ಕ್ಕೆ ಬಂದಿತು. ಈ ಸಲ ಗಂಟು ಕಟ್ಟುವ ಕೆಲಸವನ್ನು ಸಂಕ್ರಾಂತಿಯಿಂದಲೇ ಹಿಡಿದೆವು. ಪರ್ವತಗಳನ್ನು ನಡೆಯುವವರು ಮೈತೂಕದ ಐದನೆಯ ಒಂದು ಪಾಲಿಗೆ ಹೊರೆ ಮೀರಬಾರದೆನ್ನುತ್ತಾರೆ. ನನ್ನ ವಯಸ್ಸಿಗೂ ಆ ಬಿಸಿಲಿಗೂ ಅದೂ ಹೆಚ್ಚೆಂದು ತಿಳಿದು, ನೀರನ್ನು ಬಿಟ್ಟು ೬ ಕಿಲೋ ಎಂದು ಗೆರೆಯನ್ನೆಳೆದೆವು. ನೀರಿನ ತೂಕವು ಲೀಟರಿಗೆ ಒಂದು ಕಿಲೋ. ಬಿಸಿಲಿನಲ್ಲಿ ನಡೆಯುವವನಿಗೆ ತಾಸಿಗೆ ಅರ್ಧ ಲೀಟರಾದರೂ ಬೇಕು. ಆದ್ದರಿಂದ ೩ ಲೀಟರು ನೀರನ್ನು ಮೊದಲು ಲೆಕ್ಕಕ್ಕೆ ಹಿಡಿದು, ಉಳಿದ ವಸ್ತುಗಳಿಗೆ ಆಮೇಲೆ ಸ್ಥಳ ಕೊಟ್ಟೆವು. ಹಿಂದಿನ ವರ್ಷ ನಾನು ಮಾಡಿದ್ದು ಇದರ ವಿಪರೀತವು.

ಇನ್ನು ಒಂದೊಂದು ವಸ್ತುವಿನ ವಿಚಾರ. ಬೂಟುಗಳನ್ನು ಎರಡು ತಿಂಗಳು ಮೊದಲೇ ಕೊಂಡು ದಿನಾಲು ಮೆಟ್ಟಿ ಪಳಗಿಸಬೇಕು. ನಡೆದಂತೆ ಪಾದವು ಉಬ್ಬುತ್ತದೆ. ಆದ್ದರಿಂದ ಸಂಜೆಯ ಹೊತ್ತಿನಲ್ಲಿ, ಬೆರಳುಗಳ ಮುಂದೆ ಹೆಬ್ಬೆರಳಿನಗಲ ಜಾಗ ಉಳಿಯುವಂತೆ ಆರಿಸಬೇಕು. ಅಂಗಿಯು ಸಡಿಲಾದ ಹತ್ತಿಯದಿದ್ದರೆ ಬಿಸಿಲಿಗೆ ತಂಪು. ಆದರೆ ಕಾಲುಚೀಲಗಳು ಮಾತ್ರ ಹತ್ತಿಯವು ಬೇಡ. ಅವು ಬೆವರಿನಿಂದ ತೊಯ್ದು ಬೇಗ ಒಣಗುವದಿಲ್ಲ. ಹಸಿಯಾದ ಚರ್ಮವು ತಿಕ್ಕಿ ಗುಳ್ಳೆ ಏಳುತ್ತದೆ. ತೆಳುವಾದ ಉಣ್ಣೆಯವೋ ನೈಲಾನಿನವೋ ಲೇಸು. ಹಿಮ್ಮಡಿಯು ಬಿಸಿಯೆನಿಸಿದ ಕೂಡಲೆ, ಗುಳ್ಳೆಯೇಳುವದಕ್ಕೆ ಮುಂಚೆಯೇ, ಅಂಟುಪಟ್ಟಿ ಹಚ್ಚಬೇಕು.

ಬೆನ್ನುಚೀಲಕ್ಕೆ ಸೊಂಟದ ಪಟ್ಟಿ ಅವಶ್ಯವಾಗಿರಬೇಕು. ಅದನ್ನು ಬಿಗಿದರೆ ಹೊರೆಯು ಹೆಗಲನ್ನು ಬಿಟ್ಟು ಟೊಂಕದ ಎಲುಬಿನ ಮೇಲೆ ಕೂಡ್ರುತ್ತದೆ. ಭಾರವಾದದ್ದನ್ನು ಬೆನ್ನಿಗೆ ಹತ್ತಿ, ಎರಡು ಹೆಗಲೆಲುಬುಗಳ ನಡುವಿನ ಮಟ್ಟಕ್ಕೆ ಇಡಬೇಕು. ಕೆಳಗೆ ಜೋತರೆ ಅದು ಮನುಷ್ಯನನ್ನು ಹಿಂದಕ್ಕೆ ಎಳೆಯುತ್ತದೆ. ರಾತ್ರಿಗೆ ಬೇಕಾದದ್ದು ತಳಕ್ಕೆ, ಹಗಲಿಗೆ ಬೇಕಾದದ್ದು ಮೇಲಕ್ಕೆ, ನೀರು ಕೈಗೆ ಸಿಗುವಂತೆ ಬದಿಗೆ. ಕಂಬಳಿಯನ್ನು ಈ ಸಲ ಮನೆಯಲ್ಲಿಯೇ ಬಿಟ್ಟೆನು. ಒಂದು ಧೋತರವೇ ಹಾಸಿಗೆಯೂ ನೆರಳೂ ಟವಲೂ ಆಯಿತು. ಒಂದು ವಸ್ತುವಿಗೆ ಮೂರು ಕೆಲಸವಿದ್ದರೆ ಅದನ್ನು ಒಯ್ಯತಕ್ಕದ್ದು.

ಬುತ್ತಿಯ ವಿಷಯದಲ್ಲಿ ನಮ್ಮ ಸೀಮೆಯ ಗೃಹಿಣಿಯರಿಗೆ ಯಾರೂ ಕಲಿಸಬೇಕಾದದ್ದಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳಿನ ಹಿಂಡಿ, ಮಾದಲಿ, ಪುಟಾಣಿ, ಬೆಲ್ಲ ಇವುಗಳಲ್ಲಿ ನೀರಿನಂಶವು ಕಡಿಮೆ. ಆದ್ದರಿಂದ ತೂಕವೂ ಕಡಿಮೆ, ಕೆಡುವದೂ ತಡ. ಬೇಯಿಸಬೇಕಾದ ಅವಶ್ಯವಿಲ್ಲದ್ದರಿಂದ ಒಲೆಯೂ ಬೇಡ. ಬೇಸಿಗೆಯ ಒಣ ತರಗೆಲೆಯ ಕಾಡಿನಲ್ಲಿ ಬೆಂಕಿಯನ್ನು ಮಾಡದಿರುವದೇ ಧರ್ಮವು. ಎರಡು ದಿನದ ಕಾಡಿಗೆ ಮೂರು ದಿನದ ಬುತ್ತಿ ಸಾಕು. ಎಂಟು ದಿನದ್ದು ಅಂಜಿಕೆಯ ತೂಕವೇ ಸರಿ. ಇದಲ್ಲದೆ ನಿತ್ಯದ ಗುಳಿಗೆಗಳು, ಓಆರ್‌ಎಸ್ ಪೊಟ್ಟಣಗಳು, ಬ್ಯಾಟರಿ, ಸೀಟಿ, ನಮ್ಮ ಕಸವನ್ನು ನಾವೇ ತಿರುಗಿ ತರಲು ಒಂದು ಬರಿಯ ಚೀಲ. ಪೊಟ್ಟಣ ದೊರೆಯದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಚಹದ ಚಮಚದಿಂದ ಸಮವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕದಡಬಹುದು. ಈ ಪ್ರಮಾಣವನ್ನು ಪ್ರತಿಯೊಂದು ಮನೆಯಲ್ಲಿಯೂ ಬರೆದಿಟ್ಟುಕೊಳ್ಳತಕ್ಕದ್ದು.

ಗಂಟನ್ನು ಹಗುರ ಮಾಡುವದರಲ್ಲಿ ಅಮೇರಿಕೆಯ ಒಬ್ಬ ಅಜ್ಜಿಯು ಪ್ರಸಿದ್ಧಳು. ಎಮ್ಮಾ ಗೇಟ್‌ವುಡ್ ಎಂಬ ಹನ್ನೊಂದು ಮಕ್ಕಳ ತಾಯಿಯು ೧೯೫೫ರಲ್ಲಿ, ತನ್ನ ೬೭ನೆಯ ವಯಸ್ಸಿನಲ್ಲಿ, ಅಪಲೇಶಿಯನ್ ಪರ್ವತಗಳ ಕಾಡುದಾರಿಯನ್ನು ಒಬ್ಬಳೇ ನಡೆದು ಮುಗಿಸಿದಳು. ಅದು ೩,೦೦೦ ಕಿಲೋಮೀಟರಿಗೂ ಮಿಕ್ಕಿದ ದಾರಿ. ತಾನೇ ಹೊಲಿದ ಒಂದು ಬಟ್ಟೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡಿದ್ದಳು. ಮಳೆಗೆ ಸ್ನಾನದ ಮನೆಯ ಪರದೆಯನ್ನೇ ಒಯ್ದಿದ್ದಳು. ಆದರೆ ಹಸಿವಾದಾಗ ದಾರಿಯ ಊರುಗಳಲ್ಲಿ ಮನೆಗಳ ಬಾಗಿಲನ್ನು ತಟ್ಟುವದಕ್ಕೆ ಅವಳಿಗೆ ಆಸ್ಪದವಿದ್ದಿತು. ನಮ್ಮಲ್ಲಿಯೂ ಅಕ್ಕಮಹಾದೇವಿಯು ಹನ್ನೆರಡನೆಯ ಶತಕದಲ್ಲಿ ಉಟ್ಟದ್ದನ್ನೂ ತೊರೆದು ಇದೇ ಶ್ರೀಶೈಲಕ್ಕೆ ನಡೆದಳೆಂದು ಹೇಳುತ್ತಾರೆ. ಅಂಥವರ ಮಾತು ಬೇರೆ. ಸಂಸಾರಿಗರಾದ ನಾವು ಹೊರೆಯನ್ನು ಎಷ್ಟು ಇಳಿಸಿದರೂ ನೀರನ್ನೂ ಔಷಧವನ್ನೂ ಇಳಿಸಬಾರದು. ಯಾಕೆಂದರೆ ನಾವು ಬಿಟ್ಟುಹೋದ ನೀರನ್ನು ಬೇರೊಬ್ಬನು ತನ್ನ ಪಾಲಿನಿಂದ ಕೊಡಬೇಕಾಗುತ್ತದೆ. ನಾವು ಹೆಚ್ಚಾಗಿ ತುಂಬಿದ್ದನ್ನು ಬೇರೊಬ್ಬನು ತನ್ನ ಹೆಗಲಿನಿಂದ ಹೊರಬೇಕಾಗುತ್ತದೆ. ಹೀಗೆ ಗಂಟಿನ ಹೆಚ್ಚೂ ಕಡಿಮೆಯೂ ಕೊನೆಗೆ ಜೊತೆಗಾರನ ಮೇಲೆಯೇ ಬೀಳತಕ್ಕವು.

ಚೀಲವನ್ನು ತುಂಬಿಕೊಂಡು ಮೊದಲು ಹೊಲದ ಬದುಗಳ ಮೇಲೆ, ಬಳಿಕ ಕಪ್ಪತಗುಡ್ಡದ ಮೇಲೆ ನಡೆದು ನೋಡಿದೆನು. ೨೦೧೯ರಲ್ಲಿ ವನ್ಯಜೀವಿಧಾಮವೆಂದು ಸಾರಲ್ಪಟ್ಟ ಆ ಗುಡ್ಡದಲ್ಲಿಯೂ ಮಲ್ಲಯ್ಯನೇ ಕಪ್ಪತ ಮಲ್ಲಯ್ಯನೆನಿಸಿ ನೆಲೆಸಿದ್ದಾನೆ. ಗುಡಿಯ ದಾರಿಯನ್ನು ಮೂರು ವಾರ ಹತ್ತಿ ಇಳಿಯುವಷ್ಟರಲ್ಲಿ ಚೀಲದಿಂದ ಮತ್ತೆ ನಾಲ್ಕು ವಸ್ತುಗಳು ಹೊರಬಿದ್ದವು. ಕಡೆಯದಾಗಿ ಹೊರಬಿದ್ದದ್ದು ಗ್ರಂಥವು.

ಈ ಸಲ ಶಿಷ್ಯನೂ ನಾನೂ ಪೆಚ್ಚೆರುವನ್ನು ನಸುಕಿನಲ್ಲಿಯೇ ಬಿಟ್ಟೆವು. ಹಿಂದಿನ ವರ್ಷದ ಮರದ ಹತ್ತಿರ ಬಂದಾಗ ಇಬ್ಬರೂ ಮಾತಿಲ್ಲದೆ ಸ್ವಲ್ಪ ಹೊತ್ತು ನಿಂತೆವು. ಅವನು ಅಭ್ಯಾಸದಿಂದ ನನ್ನ ಚೀಲಕ್ಕೆ ಕೈಚಾಚಿದನು. “ಬ್ಯಾಡಪಾ, ಹಗುರ ಐತಿ, ನಿನ್ನ ಬಾಟಲಿ ಖಾಲಿ ಆಗಿದ್ದರ ಹೇಳು” ಎಂದೆನು. ಅವನು ನಕ್ಕು ನನ್ನ ನೀರನ್ನು ಇಸಿದುಕೊಂಡು ಕುಡಿದನು. ಮುಂದೆ ಭೀಮನಕೊಳ್ಳದ ಮೆಟ್ಟಿಲುಗಳಲ್ಲಿ ತಲೆಸುತ್ತಿ ಕುಳಿತಿದ್ದ ಹುಡುಗನೊಬ್ಬನಿಗೆ ನನ್ನ ಪೊಟ್ಟಣವೊಂದು ಉಪಯೋಗಕ್ಕೆ ಬಂದಿತು.

ಓಣಿಯವರು ಕೊಟ್ಟ ಸೀರೆಗಳನ್ನೂ ಕಣಗಳನ್ನೂ ಮಾತ್ರ ನಾನು ಎರಡು ವರ್ಷವೂ ಕಡಿಮೆ ಮಾಡಿರಲಿಲ್ಲ. ಅವು ಮಗಳಿಗೆ ಮುಟ್ಟಬೇಕಾದ ತವರಿನ ವಸ್ತುಗಳು. ಅವುಗಳನ್ನು ಭ್ರಮರಾಂಬೆಯ ಸನ್ನಿಧಿಯಲ್ಲಿ ಒಪ್ಪಿಸಿ ಊರಿಗೆ ಮರಳಿದಾಗ, ಮನೆಯವರು ಬಾಗಿಲಲ್ಲಿಯೇ ಚೀಲವನ್ನು ಇಸಿದುಕೊಂಡು, “ಈ ಸಲ ಹೊತ್ತವರು ಯಾರ್ರೀ?” ಎಂದು ಕೇಳಿದರು. “ನಾನೇ” ಎಂದೆನು. ಅದು ನಿಜವಾಗಿದ್ದಿತು.