ವಾರದ ಲೆಕ್ಕ

ನನ್ನ ಹೆಸರಿನಲ್ಲಿ ಒಂದು ಎಕರೆ ಗದ್ದೆಯಿದೆ ಎಂದರೆ ಮೈಸೂರಿನ ನಮ್ಮ ಬೀದಿಯವರು ನಗುತ್ತಾರೆ. ದಂಟು ಯಾವುದು, ಕೀರೆ ಯಾವುದು ಎಂದು ಸೊಪ್ಪಿನವಳನ್ನೇ ಕೇಳುವವಳು ನಾನು. ಸೋಮನಾಥಪುರದಾಚೆ, ಕಾವೇರಿಯ ದಡದ ಆ ಗದ್ದೆ ತಂದೆಯಿಂದ ಬಂದದ್ದು. ಅದನ್ನು ಮಾಡುವವಳು ಅಲ್ಲಿಯದೇ ಒಬ್ಬ ಹೆಂಗಸು, ವಾರಕ್ಕೆ. ಬೆಳೆದದ್ದರಲ್ಲಿ ಅರ್ಧ ಅವಳಿಗೆ, ಅರ್ಧ ನನಗೆ. ಕಾಗದಪತ್ರ ಏನೂ ಇಲ್ಲ; ಇರುವಂತೆಯೂ ಇಲ್ಲ. 1974ರ ಭೂಸುಧಾರಣೆ ಕಾನೂನು ಬಂದ ಮೇಲೆ, ಸೈನಿಕರಂಥ ಕೆಲವರನ್ನು ಬಿಟ್ಟರೆ, ಜಮೀನು ಗೇಣಿಗೆ ಕೊಡುವಂತಿಲ್ಲ. ಉಳುವವರಿಗೇ ಭೂಮಿ ಸಿಗಲೆಂದು ಮಾಡಿದ ಕಾನೂನು, ಒಳ್ಳೆಯದೇ. ಅದನ್ನು ಬಾಯಿಮಾತಿನಲ್ಲಿ ದಾಟಿದ ಸಾವಿರಾರು ಜನರಲ್ಲಿ ನಾನೂ ಒಬ್ಬಳು. ಹಾಗಾಗಿ ಪಹಣಿಯಲ್ಲಿ ಅವಳ ಹೆಸರು ಎಲ್ಲೂ ಇಲ್ಲ.

2019ರ ಆಗಸ್ಟಿನಲ್ಲಿ ಕಾವೇರಿ, ಕಪಿಲೆ ಎರಡೂ ಉಕ್ಕಿದುವು. ನಂಜನಗೂಡಿನ ರಸ್ತೆ ಕಟ್ಟಿತು, ಸುತ್ತೂರಿನ ಸೇತುವೆ ಮುಳುಗಿತು. ಹೊಳೆಗೆ ಮೋಟಾರಿಟ್ಟು ಬೇಗ ನಾಟಿ ಮುಗಿಸಿದ್ದ ಅವಳ ಪೈರಿನ ಮೇಲೆ ಮಣ್ಣು ನಿಂತಿತು. "ಎಲ್ಲಾ ಹೋಯ್ತು ಕನ್ರವ್ವ" ಎಂದು ಫೋನಿನಲ್ಲಿ ಒಂದೇ ಮಾತು ಹೇಳಿದಳು.

ಸರ್ಕಾರದ ನಿಯಮ ಹೀಗಿತ್ತು: ಬೆಳೆ ಮೂರರಲ್ಲಿ ಒಂದು ಪಾಲಾದರೂ ಹಾಳಾಗಿರಬೇಕು, ನೀರಾವರಿ ಬೆಳೆಗೆ ಹೆಕ್ಟೇರಿಗೆ 13,500 ರೂಪಾಯಿ, ಎರಡು ಹೆಕ್ಟೇರಿನವರೆಗೆ ಮಾತ್ರ. ಅದರ ಮೇಲೆ ರಾಜ್ಯ ಸರ್ಕಾರ 10,000 ಸೇರಿಸಿತು. ನನ್ನ ಎಕರೆಗೆ ಸುಮಾರು ಒಂಬತ್ತೂವರೆ ಸಾವಿರ. ಪಹಣಿ ಯಾರದೋ ಆಧಾರ್ ಯಾರದೋ ಬ್ಯಾಂಕಿನ ಖಾತೆ ಯಾರದೋ, ಹಣ ಅವರಿಗೆ. ಕೆಸರು ತುಳಿಯದ ನನ್ನ ಖಾತೆಗೆ ಬಂದು ಬಿತ್ತು.

ನಿಜ ಹೇಳುತ್ತೇನೆ, ಆಗ ನಮ್ಮ ಮನೆಯ ಫ್ರಿಜ್ಜು ಕೆಟ್ಟಿತ್ತು. "ಹೆಸರು ನಿನ್ನದು, ಕದ್ದದ್ದೇನಲ್ಲವಲ್ಲ" ಎಂದರು ನಮ್ಮವರು. ಅರ್ಧ ಕೊಟ್ಟರೆ ಸಾಕಲ್ಲ, ವಾರವೇ ಅರ್ಧ ತಾನೇ, ಎಂದು ನಾನೂ ನಾಲ್ಕು ದಿನ ಮನಸ್ಸಿನಲ್ಲೇ ಭಾಗ ಮಾಡುತ್ತಿದ್ದೆ. ಐದನೆಯ ದಿನ ಯಾಕೋ ಊಟ ಸೇರಲಿಲ್ಲ. ಪೂರಾ ಹಣ ತೆಗೆಸಿಕೊಂಡು ಬನ್ನೂರಿನ ಮೇಲೆ ಹೋಗುವ ಬಸ್ಸು ಹತ್ತಿದೆ.

ಕೇಶವ ದೇವಾಲಯದ ಮುಂದೆ ಎಳನೀರಿನ ಗಾಡಿಯ ಪಕ್ಕದಲ್ಲಿ ಅವಳು ಕೂತಿದ್ದಳು. ಹದಿಮೂರನೆಯ ಶತಮಾನದ ಗುಡಿಯನ್ನು ನೋಡಲು ಬಂದವರು ಅವಳನ್ನು ಬಳಸಿಕೊಂಡು ಹೋಗುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅಂದಳು:

"ಪಟ್ಟೀಲಿ ನಿಮ್ ಹೆಸ್ರು ಓದುದ್ರು. ನಾಕು ದಿನದಿಂದ ಬಸ್ಸು ನೋಡ್ತಾ ಇವ್ನಿ."

"ಫೋನು ಮಾಡಬಾರದಿತ್ತೇ?"

"ನೀವೇ ಬತ್ತೀರಲ್ಲ, ಯಾಕ್ ಕೇಳಾನ ಅಂತ."

ಆ ನಾಲ್ಕು ದಿನ ನಾನು ಏನು ಮಾಡುತ್ತಿದ್ದೆನೆಂದು ಅವಳಿಗೆ ಹೇಳಲಿಲ್ಲ. ಹಣವನ್ನು ಕೈಗಿಟ್ಟೆ. ಎಣಿಸಿ, ಎರಡು ಪಾಲು ಮಾಡಿ, ಒಂದನ್ನು ನನ್ನ ಕಡೆ ತಳ್ಳಿದಳು. ಬೇಡವೆಂದೆ. "ವಾರ ಅಂದ್ರೆ ವಾರ. ಪುಗಸಟ್ಟೆ ನಂಗ್ಯಾಕೆ?" ಎಂದು ಮುಖ ತಿರುಗಿಸಿದಳು.

ಕಡೆಗೆ, ಹಾಕಿದ ಖರ್ಚು ಮೊದಲು ಕಳೆಯೋಣ, ಮಿಕ್ಕದ್ದು ಅರ್ಧರ್ಧ ಎಂದು ಒಪ್ಪಿಸಿದೆ. ಬೆರಳು ಮಡಿಸುತ್ತ ಲೆಕ್ಕ ಹೇಳಿದಳು. ಟ್ರ್ಯಾಕ್ಟರು, ಬಿತ್ತನೆ ಬೀಜ, ಗೊಬ್ಬರ, ನಾಟಿಗೆ ಬಂದ ಹೆಣ್ಣಾಳುಗಳ ಕೂಲಿ, ಅವರಿಗೆ ಹಾಕಿದ ಊಟ. ಅವಳ ಸ್ವಂತ ದುಡಿಮೆಗೆ ಬೆರಳೇ ಮಡಿಸಲಿಲ್ಲ. ಒಟ್ಟು ಹನ್ನೊಂದು ಸಾವಿರವಾಯಿತು.

"ಅಂಗಾರೆ ಇನ್ನೂ ಒಂದೂವರೆ ಸಾವಿರ ನಷ್ಟ" ಎಂದಳು. "ಅದ್ರಲ್ಲಿ ಅರ್ಧ ನಿಮ್ದು."

ನ್ಯಾಯವೇ. ಪರ್ಸಿನಲ್ಲಿ ಬಸ್ಸಿನ ದುಡ್ಡು ಉಳಿಸಿಕೊಂಡು ಏಳುನೂರು ಕೊಟ್ಟೆ. ಐವತ್ತು ಬಾಕಿ. ಬಸ್ಸು ಹೊರಟಾಗ ಅದನ್ನೊಮ್ಮೆ ಕಿಟಕಿಯ ಹತ್ತಿರ ಬಂದು ನೆನಪಿಸಿದಳು.